ಮಲೆನಾಡಿನ ಕಚ್ಚಾದಾರಿಗೆ ಮೌಂಟೇನ್ ಸೈಕಲ್: ಮೊದಲು ಏನು ನೋಡಬೇಕು, ಕೊನೆಗೆ ಏನು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮೌಂಟೇನ್ ಸೈಕಲ್ ಕೊಂಡವರಲ್ಲಿ ಬಹಳ ಮಂದಿ ಮೊದಲ ಮಳೆಗಾಲ ಕಳೆಯುವುದರೊಳಗೆ ಅದನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಬಿಡುತ್ತಾರೆ. ಅವರು ಹೇಳುವ ಕಾರಣಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಏರಿನಲ್ಲಿ ಕಾಲು ಸೋಲುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಸೊಂಟ ನೋಯುತ್ತದೆ, ಚೈನು ಪದೇ ಪದೇ ಕಳಚುತ್ತದೆ. ಇವುಗಳಲ್ಲಿ ಬಹುಪಾಲು ತೊಂದರೆಗಳ ಬೇರು ಕೊಳ್ಳುವ ದಿನದ ಆಯ್ಕೆಯಲ್ಲಿರುತ್ತದೆ. ಅಂಗಡಿಗೆ ಹೋದವರು ಮೊದಲು ಗೇರುಗಳ ಸಂಖ್ಯೆ ಕೇಳುತ್ತಾರೆ, ಆಮೇಲೆ ಬಣ್ಣ ಮತ್ತು ಶಾಕ್ ನೋಡುತ್ತಾರೆ, ಅಳತೆಯನ್ನು ಕೇಳುವುದೇ ಇಲ್ಲ.

ವಾರಕ್ಕೊಂದೆರಡು ಸಲ ತೋಟದ ದಾರಿ, ನಾಲೆಯ ಏರಿ, ಬೇಣ ಮತ್ತು ಅಕೇಶಿಯಾ ನೆಡುತೋಪುಗಳ ಗಾಡಿದಾರಿಯಲ್ಲಿ ನೆಮ್ಮದಿಯಾಗಿ ತುಳಿಯಬೇಕೆನ್ನುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಬಂಡೆಯಿಂದ ಹಾರುವವರಿಗೆ, ಸ್ಪರ್ಧೆಗೆ ಇಳಿಯುವವರಿಗೆ ಇದು ಸಾಲದು. ಹಂತಗಳನ್ನು ಇಲ್ಲಿರುವ ಕ್ರಮದಲ್ಲಿಯೇ ಅನುಸರಿಸಬೇಕು. ಒಂದೊಂದು ಹಂತವೂ ಮುಂದಿನ ಹಂತದ ಆಯ್ಕೆಗಳನ್ನು ಕಡಿಮೆ ಮಾಡುತ್ತಾ ಹೋಗುವುದರಿಂದ, ಕೊನೆಗೆ ಅಂಗಡಿಯಲ್ಲಿ ಎರಡು ಮೂರು ಸೈಕಲ್‌ಗಳಷ್ಟೇ ಪರಿಶೀಲನೆಗೆ ಉಳಿಯುತ್ತವೆ.

## ಹಂತ 1: ನೀವು ತುಳಿಯುವ ದಾರಿಯನ್ನು ಗುರುತಿಸಿಕೊಳ್ಳಿ

ಮನೆಯಿಂದ ಹತ್ತು ಹದಿನೈದು ಕಿಲೋಮೀಟರ್ ಸುತ್ತಳತೆಯಲ್ಲಿ ನೀವು ನಿಜವಾಗಿ ಹೋಗಬಹುದಾದ ದಾರಿಗಳನ್ನು ಒಮ್ಮೆ ನಡೆದೋ ಸ್ಕೂಟರಿನಲ್ಲೋ ನೋಡಿ ಬನ್ನಿ. ಗಾಜನೂರಿನ ಆಸುಪಾಸಿನ ತುಂಗಾ ನಾಲೆಯ ಏರಿಯಂತಹ ಸಮತಟ್ಟಾದ ಜಲ್ಲಿ ದಾರಿಯೇ ನಿಮ್ಮದಾಗಿದ್ದರೆ ದೊಡ್ಡ ಶಾಕ್ ಬೇಕಾಗಿಲ್ಲ; ಅಗಲ ಟೈರಿನ, ಶಾಕ್ ಇಲ್ಲದ ಹಗುರ ಸೈಕಲ್ ಕೂಡ ಅಲ್ಲಿ ಸುಖವಾಗಿ ಓಡುತ್ತದೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಒಳದಾರಿಗಳು ಬೇರೆಯೇ. ಅಲ್ಲಿ ಜಂಬಿಟ್ಟಿಗೆಯ ಕೆಂಪು ನೆಲ, ಮಳೆನೀರು ಕೊರೆದ ಕೊರಕಲು, ದಾರಿಗೆ ಅಡ್ಡಲಾಗಿ ಎದ್ದ ಬೇರು, ನೂರಿನ್ನೂರು ಮೀಟರ್ ಉದ್ದದ ಕಡಿದಾದ ಏರು, ಅದು ಮುಗಿದೊಡನೆ ಅಷ್ಟೇ ಕಡಿದಾದ ಇಳಿಜಾರು, ಬುಡದಲ್ಲಿ ಒಂದು ಹಳ್ಳ ಇರುತ್ತವೆ. ಈ ದಾರಿಗೆ ಮುಂದೆ ಮಾತ್ರ ಶಾಕ್ ಇರುವ, ಹಿಂಭಾಗ ಗಟ್ಟಿಯಾಗಿರುವ ಸೈಕಲ್ ಬೇಕು. ಅದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ. ಈ ಬರಹದ ಬಹುಭಾಗ ಅದರ ಕುರಿತಾಗಿಯೇ ಇದೆ. ಕೊಡಚಾದ್ರಿಯ ಜೀಪ್ ದಾರಿಯಂತಹ ಕಲ್ಲುಗುಂಡುಗಳ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಸೈಕಲ್ ಕೊಳ್ಳಬಾರದು. ಅದಕ್ಕೆ ಬೇಕಾದ ಸೈಕಲ್ಲಿನ ಬೆಲೆಯೂ ತೂಕವೂ ಹೆಚ್ಚು, ಮಿಕ್ಕ ಎಲ್ಲ ದಿನಗಳಲ್ಲಿ ಅದು ನಿಮಗೆ ಹೊರೆಯಾಗುತ್ತದೆ.

ಇನ್ನೊಂದು ಮಾತನ್ನು ಈ ಹಂತದಲ್ಲಿಯೇ ಹೇಳಬೇಕು. ಶೆಟ್ಟಿಹಳ್ಳಿ, ಸೋಮೇಶ್ವರದಂತಹ ವನ್ಯಜೀವಿಧಾಮಗಳೊಳಗಿನ ದಾರಿಗಳಿಗೆ ಅನುಮತಿಯಿಲ್ಲದೆ ಇಳಿಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ನಿರ್ಬಂಧಿಸುತ್ತದೆ. ಸದ್ದಿಲ್ಲದೆ ಬರುವ ಸೈಕಲ್ಲು ತಿರುವಿನಲ್ಲಿ ಕಾಟಿಗೋ ಆನೆಗೋ ಎದುರಾಗುವುದು ಎರಡೂ ಕಡೆಗೆ ಅಪಾಯ. ನಿಮ್ಮ ಪಟ್ಟಿಯಲ್ಲಿರುವ ದಾರಿ ಮೀಸಲು ಅರಣ್ಯಕ್ಕೆ ಸೇರಿದ್ದೋ ಅಲ್ಲವೋ ಎಂಬುದನ್ನು ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ತೋಟದ ಒಳದಾರಿಯಾದರೆ ತೋಟದವರನ್ನು ಒಂದು ಮಾತು ಕೇಳಿಯೇ ಹೋಗಬೇಕು, ತೆಗೆದ ದಣಪೆಯನ್ನು ಮತ್ತೆ ಹಾಕಿಯೇ ಮುಂದೆ ಸಾಗಬೇಕು.

## ಹಂತ 2: ಹಣವನ್ನು ಎರಡು ಪಾಲು ಮಾಡಿಕೊಳ್ಳಿ

ಕೈಯಲ್ಲಿರುವ ಮೊತ್ತದ ಐದನೆಯ ಒಂದು ಪಾಲನ್ನು ಹೆಲ್ಮೆಟ್, ಪಂಪು, ಟ್ಯೂಬ್, ಉಪಕರಣಗಳಿಗೆಂದು ಮೊದಲೇ ತೆಗೆದಿಡಿ. ಮೂವತ್ತು ಸಾವಿರವಿದ್ದರೆ ಸೈಕಲ್ಲಿಗೆ ಇಪ್ಪತ್ನಾಲ್ಕು ಸಾವಿರ ಎಂದು ತಿಳಿಯಿರಿ. ಇಡೀ ಹಣವನ್ನು ಸೈಕಲ್ಲಿಗೇ ಸುರಿದು, ಹೆಲ್ಮೆಟನ್ನು ಮುಂದಿನ ತಿಂಗಳು ನೋಡೋಣವೆಂದವರು ಬಹುಮಟ್ಟಿಗೆ ಹೆಲ್ಮೆಟ್ ಇಲ್ಲದೆಯೇ ತಿರುಗುತ್ತಾರೆ, ಮೊದಲ ಪಂಕ್ಚರಿಗೆ ಐದಾರು ಕಿಲೋಮೀಟರ್ ಸೈಕಲ್ ತಳ್ಳುತ್ತಾರೆ.

ಹದಿನೈದು ಸಾವಿರದೊಳಗೆ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಸೈಕಲ್ ಸಿಕ್ಕರೆ ಅದನ್ನು ಕೊಳ್ಳಬೇಡಿ. ಈ ಮಾತಿಗೆ ವಿನಾಯಿತಿ ಇಲ್ಲ. ಆ ಬೆಲೆಯಲ್ಲಿ ಹಿಂದಿನ ಶಾಕ್ ಎಂಬುದು ತಡೆಯಿಲ್ಲದ ಬರಿಯ ಸ್ಪ್ರಿಂಗ್ ಆಗಿರುತ್ತದೆ. ಏರಿನಲ್ಲಿ ನೀವು ತುಳಿದ ಬಲದ ಒಂದು ಪಾಲನ್ನು ಅದು ನುಂಗುತ್ತದೆ, ಅದರ ಕೀಲುಗಳು ಒಂದೇ ಮಳೆಗಾಲದಲ್ಲಿ ಸಡಿಲಗೊಂಡು ಕಿರುಗುಟ್ಟುತ್ತವೆ, ಬದಲಿ ಬುಷ್ ಹುಡುಕಿದರೂ ಸಿಗುವುದಿಲ್ಲ. ಅದೇ ಹಣಕ್ಕೆ ಶಾಕ್ ಇಲ್ಲದ, ಒಳ್ಳೆಯ ಚಕ್ರಗಳಿರುವ ಸೈಕಲ್ ಹೆಚ್ಚು ಕಾಲ ಬಾಳುತ್ತದೆ.

## ಹಂತ 3: ಅಳತೆ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. “ಇಪ್ಪತ್ತಾರು ಇಂಚಿನ ಸೈಕಲ್ ಕೊಡಿ” ಎಂದು ಕೇಳುವವರು ಚಕ್ರದ ಅಳತೆಯನ್ನು ಹೇಳುತ್ತಿರುತ್ತಾರೆಯೇ ಹೊರತು ತಮ್ಮ ಮೈಗೆ ಒಪ್ಪುವ ಅಳತೆಯನ್ನಲ್ಲ. ಚಕ್ರದ ಅಳತೆ ಬೇರೆ, ಫ್ರೇಮಿನ ಅಳತೆ ಬೇರೆ. ಒಂದೇ 29 ಇಂಚಿನ ಚಕ್ರ ಸಣ್ಣ, ಮಧ್ಯಮ, ದೊಡ್ಡ ಫ್ರೇಮುಗಳಲ್ಲಿ ಬರಬಹುದು. ಸೊಂಟ, ಭುಜ, ಮೊಣಕಾಲುಗಳ ಸುಖ ನಿರ್ಧಾರವಾಗುವುದು ಫ್ರೇಮಿನಿಂದ.

ಮನೆಯಲ್ಲೇ ಅಳೆದುಕೊಳ್ಳುವ ವಿಧಾನ ಸುಲಭ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಒಂದು ಗೇಣು ಅಂತರವಿಟ್ಟು ನಿಲ್ಲಿ. ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನಂತೆ ಗಟ್ಟಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಿಸಿ. ನೆಲದಿಂದ ಆ ಗುರುತಿನವರೆಗಿನ ಎತ್ತರವೇ ನಿಮ್ಮ ಒಳಗಾಲಿನ ಅಳತೆ. ಸೈಕಲ್ಲಿನ ಮೇಲಡ್ಡ ಕೊಳವೆಯನ್ನು ನಡುವೆ ಬಿಟ್ಟುಕೊಂಡು ಎರಡೂ ಕಾಲುಗಳನ್ನು ನೆಲಕ್ಕೂರಿ ನಿಂತಾಗ, ಕೊಳವೆಗೂ ದೇಹಕ್ಕೂ ನಡುವೆ ಕನಿಷ್ಠ 5 ಸೆಂಟಿಮೀಟರ್ ಜಾಗ ಉಳಿಯಬೇಕು, ಅಂದರೆ ನೆಲದಿಂದ ಕೊಳವೆಯ ಎತ್ತರ ನಿಮ್ಮ ಒಳಗಾಲಿನ ಅಳತೆಗಿಂತ ಅಷ್ಟು ಕಡಿಮೆಯಿರಬೇಕು. ಕೊರಕಲಿನಲ್ಲಿ ತಟ್ಟನೆ ಕಾಲೂರಬೇಕಾದಾಗ ಈ ಐದು ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ.

ಅಂದಾಜಿಗೆ ಹೇಳುವುದಾದರೆ, 5 ಅಡಿ 1 ಇಂಚಿನಿಂದ 5 ಅಡಿ 5 ಇಂಚು ಎತ್ತರದವರಿಗೆ ಸಣ್ಣ ಫ್ರೇಮು, ಅಂದರೆ 15–16 ಇಂಚು. ಅಲ್ಲಿಂದ 5 ಅಡಿ 9 ಇಂಚಿನವರೆಗೆ ಮಧ್ಯಮ, 17–18 ಇಂಚು. ಅದಕ್ಕಿಂತ ಎತ್ತರದವರಿಗೆ ದೊಡ್ಡದು ಹೊಂದುತ್ತದೆ. ಕಂಪನಿಯಿಂದ ಕಂಪನಿಗೆ ಇದು ಬದಲಾಗುವುದರಿಂದ ಆಯಾ ಕಂಪನಿಯ ಅಳತೆಪಟ್ಟಿಯನ್ನೇ ನಂಬಬೇಕು. ಎರಡು ಅಳತೆಗಳ ಗಡಿಯಲ್ಲಿರುವವರು ಕಚ್ಚಾದಾರಿಗೆ ಸಣ್ಣದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಸಣ್ಣ ಫ್ರೇಮಿನ ಸೀಟನ್ನು ಏರಿಸಿಕೊಳ್ಳಬಹುದು, ದೊಡ್ಡ ಫ್ರೇಮನ್ನು ಕುಗ್ಗಿಸಲಾಗದು. “ಮಗ ಇನ್ನೂ ಬೆಳೆಯುತ್ತಾನೆ” ಎಂದು ದೊಡ್ಡ ಫ್ರೇಮು ಕೊಡಿಸುವ ತಂದೆತಾಯಿಯರು ಈ ಸಾಲನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಇಳಿಜಾರಿನಲ್ಲಿ ಕಾಲು ನೆಲಕ್ಕೆ ಎಟುಕದ ಹುಡುಗ ಬೀಳುವುದು ಮುಖ ಅಡಿಯಾಗಿ.

ಸೀಟಿನ ಎತ್ತರವನ್ನು ಹೀಗೆ ಹೊಂದಿಸಿ: ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಕೊಂಚ ಮಡಚಿಕೊಂಡೇ ಇರುತ್ತದೆ. ಕಡಿದಾದ ಇಳಿಜಾರಿಗೆ ಮುನ್ನ ಸೀಟನ್ನು ನಾಲ್ಕು ಬೆರಳಿನಷ್ಟು ಇಳಿಸಿಕೊಳ್ಳಿ. ಸೀಟಿನ ಕಂಬದ ಮೇಲೆ ಕೊರೆದಿರುವ ಕನಿಷ್ಠ ಗುರುತು ಹೊರಗೆ ಕಾಣುವಷ್ಟು ಏರಿಸಬೇಕಾಗಿ ಬಂದರೆ ಫ್ರೇಮು ನಿಮಗೆ ಚಿಕ್ಕದೆಂದೇ ಅರ್ಥ. ಹಾಗೆಯೇ ತುಳಿದರೆ ಕಂಬ ಮುರಿಯಬಹುದು, ಫ್ರೇಮು ಸೀಳಬಹುದು.

## ಹಂತ 4: ಬ್ರೇಕು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಿಮ್ಮೂರಲ್ಲಿ ಅದರ ಅರ್ಧ ಸುರಿದರೂ, ರಿಮ್ಮನ್ನು ಹಿಡಿಯುವ ವಿ ಬ್ರೇಕ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಂಬಿಕೆಗೆ ಯೋಗ್ಯವಲ್ಲ. ಕೆಂಪು ಕೆಸರು ರಿಮ್ಮಿಗೂ ರಬ್ಬರಿಗೂ ನಡುವೆ ಸೇರಿ ಉಪ್ಪುಕಾಗದದಂತೆ ಎರಡನ್ನೂ ತಿನ್ನುತ್ತದೆ, ಲಿವರ್ ಒತ್ತಿದ ಮೇಲೆಯೂ ಚಕ್ರ ಅರ್ಧ ಸುತ್ತು ಜಾರಿಕೊಂಡು ಹೋಗುತ್ತದೆ. ಆದ್ದರಿಂದ ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇರಲೇಬೇಕೆಂದು ಪಟ್ಟು ಹಿಡಿಯಿರಿ.

ಡಿಸ್ಕ್‌ನಲ್ಲಿ ಎರಡು ಬಗೆ. ತಂತಿಯಿಂದ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಅಗ್ಗ, ಯಾವ ಊರಿನ ಸೈಕಲ್ ಅಂಗಡಿಯವರೂ ಅದರ ತಂತಿಯನ್ನು ಬದಲಿಸಬಲ್ಲರು. ಆದರೆ ಕೆಸರು ತಂತಿಯ ಹೊದಿಕೆಯೊಳಗೆ ಸೇರಿ ಅದು ಬಿಗಿಯಾಗುತ್ತದೆ, ಪ್ಯಾಡು ಸವೆದಂತೆಲ್ಲ ಕೈಯಿಂದ ಸರಿಪಡಿಸುತ್ತಿರಬೇಕು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್‌ನಲ್ಲಿ ಒಂದೇ ಬೆರಳಿನ ಒತ್ತು ಸಾಕು, ಉದ್ದದ ಇಳಿಜಾರಿನಲ್ಲಿ ಮುಂಗೈ ಸೋಲುವುದಿಲ್ಲ. ಹಣ ಕೂಡಿ ಬಂದರೆ ಹೈಡ್ರಾಲಿಕ್ ಆರಿಸಿ. ಬರದಿದ್ದರೆ ಮೆಕ್ಯಾನಿಕಲ್ ಡಿಸ್ಕ್ ಇರುವ ಒಳ್ಳೆಯ ಫ್ರೇಮಿನ ಸೈಕಲ್ ಕೊಂಡು, ತಂತಿ ಮತ್ತು ಪ್ಯಾಡುಗಳನ್ನು ಮಳೆಗಾಲ ಮುಗಿದೊಡನೆ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ. ಹೈಡ್ರಾಲಿಕ್‌ಗೆ ಯಾವ ಎಣ್ಣೆ ಎಂಬುದನ್ನು ಅಂಗಡಿಯಲ್ಲಿ ಬರೆಸಿಕೊಳ್ಳಬೇಕು. ಶಿಮಾನೊ ಬ್ರೇಕುಗಳು ಮಿನರಲ್ ಆಯಿಲ್ ಬಳಸುತ್ತವೆ. ಅದರೊಳಕ್ಕೆ ಬೈಕಿಗೆ ಹಾಕುವ ಡಾಟ್ ಬ್ರೇಕ್ ಆಯಿಲ್ ಹೋದರೆ ಒಳಗಿನ ಸೀಲುಗಳು ಕೆಟ್ಟು ಇಡೀ ಬ್ರೇಕೇ ಹಾಳಾಗುತ್ತದೆ.

ಹೊಸ ಡಿಸ್ಕ್ ಬ್ರೇಕ್ ಮೊದಲ ದಿನವೇ ಗಟ್ಟಿಯಾಗಿ ಹಿಡಿಯುವುದಿಲ್ಲ. ಸಮತಟ್ಟಾದ, ಜನವಿಲ್ಲದ ರಸ್ತೆಯಲ್ಲಿ ಸಾಧಾರಣ ವೇಗಕ್ಕೆ ಬಂದು, ಚಕ್ರ ಕಚ್ಚಿ ನಿಲ್ಲದಂತೆ ನಿಧಾನವಾಗಿ ವೇಗ ಇಳಿಸುವುದನ್ನು ಮುಂದಿನ ಬ್ರೇಕಿಗೆ ಇಪ್ಪತ್ತು ಸಲ, ಹಿಂದಿನ ಬ್ರೇಕಿಗೆ ಇಪ್ಪತ್ತು ಸಲ ಮಾಡಿದರೆ ಪ್ಯಾಡಿನ ಪದರ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಇದನ್ನು ಬಿಟ್ಟು ನೇರವಾಗಿ ಘಾಟಿಗೆ ಇಳಿದವರೇ “ಡಿಸ್ಕ್ ಹಿಡಿಯುವುದಿಲ್ಲ” ಎಂದು ದೂರುವುದು. ಕಿರುಚುವ ಡಿಸ್ಕಿಗೆ ಎಣ್ಣೆಯ ಸ್ಪ್ರೇ ಹೊಡೆಯುವುದಂತೂ ಜೀವಕ್ಕೇ ಅಪಾಯ. ಒಂದು ಹನಿ ಎಣ್ಣೆ ತಾಗಿದರೂ ಪ್ಯಾಡು ಹಿಡಿತ ಕಳೆದುಕೊಳ್ಳುತ್ತದೆ, ಆಮೇಲೆ ಪ್ಯಾಡು ಬದಲಿಸುವುದೊಂದೇ ದಾರಿ.

## ಹಂತ 5: ಗೇರು – ಎಷ್ಟು ಎಂದಲ್ಲ, ಎಷ್ಟು ಹಗುರ ಎಂದು ಕೇಳಿ

21 ಗೇರು ಎಂದರೆ ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳು. ಅವುಗಳಲ್ಲಿ ಹಲವು ಜೋಡಣೆಗಳು ಒಂದಕ್ಕೊಂದು ಸಮವಾಗಿರುವುದರಿಂದ ಆ ಸಂಖ್ಯೆಯಿಂದ ನಿಮಗೇನೂ ತಿಳಿಯುವುದಿಲ್ಲ. ಮಲೆನಾಡಿನಲ್ಲಿ ತಿಳಿಯಬೇಕಾದ ಲೆಕ್ಕ ಒಂದೇ: ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ. ಬರುವ ಸಂಖ್ಯೆ ಕಡಿಮೆಯಾದಷ್ಟೂ ಏರು ಹಗುರ.

ಮುಂದೆ 24, ಹಿಂದೆ 28 ಹಲ್ಲುಗಳಿದ್ದರೆ 0.86 ಬರುತ್ತದೆ. ನಾಲೆಯ ಏರಿಗೆ ಇದು ಧಾರಾಳ, ಹೊಸನಗರದ ಏರುಗಳಲ್ಲಿ ಹೊಸಬರನ್ನು ಕೆಳಗಿಳಿಸಿ ತಳ್ಳಿಸುತ್ತದೆ. 24ಕ್ಕೆ 34 ಇದ್ದರೆ 0.71, 22ಕ್ಕೆ 34 ಇದ್ದರೆ 0.65. ಮುಂದೆ ಒಂದೇ ಚಕ್ರವಿರುವ ಈಚಿನ ಸೈಕಲ್‌ಗಳಲ್ಲಿ 32ಕ್ಕೆ 46 ಇದ್ದರೆ 0.70, 32ಕ್ಕೆ 51 ಇದ್ದರೆ 0.63. ನಿಮ್ಮ ದಾರಿಯಲ್ಲಿ ಕಡಿದಾದ ಏರುಗಳಿದ್ದರೆ 0.75ಕ್ಕಿಂತ ಕಡಿಮೆ ಬರುವ ಸೈಕಲ್ಲನ್ನೇ ಆರಿಸಿ. ಹಲ್ಲುಗಳ ಸಂಖ್ಯೆ ಸಾಮಾನ್ಯವಾಗಿ ಚಕ್ರದ ಮೇಲೆಯೇ ಕೊರೆದಿರುತ್ತದೆ. ಇಲ್ಲದಿದ್ದರೆ ಅಂಗಡಿಯಲ್ಲೇ ನಿಂತು ಎಣಿಸಿ, ಸಂಕೋಚ ಬೇಡ.

ಮುಂದೆ ಒಂದೇ ಹಲ್ಲುಚಕ್ರವಿರುವ ಏರ್ಪಾಡು ಕೆಸರಿನ ನಾಡಿಗೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಮುಂದೆ ಇಲ್ಲದ್ದರಿಂದ ಕೆಸರು ಮೆತ್ತಿಕೊಳ್ಳುವ ಒಂದು ಜಾಗ ಕಡಿಮೆಯಾಗುತ್ತದೆ, ಚೈನು ಕಳಚುವುದೂ ಕಡಿಮೆ, ಎಡಗೈಗೆ ಬ್ರೇಕಿನ ಕೆಲಸವಷ್ಟೇ ಉಳಿಯುತ್ತದೆ. ಮೂರು ಚಕ್ರದ್ದನ್ನೇ ಕೊಂಡರೆ ಮುಂದೆ ದೊಡ್ಡದು–ಹಿಂದೆ ದೊಡ್ಡದು, ಮುಂದೆ ಚಿಕ್ಕದು–ಹಿಂದೆ ಚಿಕ್ಕದು ಎಂಬ ಎರಡು ಜೋಡಣೆಗಳನ್ನು ಬಳಸಬೇಡಿ. ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ.

ಹಿಂದಿನ ಹಲ್ಲುಚಕ್ರಗಳು ಫ್ರೀವೀಲ್ ಬಗೆಯವೋ ಕ್ಯಾಸೆಟ್ ಬಗೆಯವೋ ಎಂದೂ ಕೇಳಿ. ಫ್ರೀವೀಲ್ ಚಕ್ರದ ನಡುವಿನ ಹಬ್ಬಿಗೆ ತಿರುಪಿನಂತೆ ಕೂರುತ್ತದೆ, ಕ್ಯಾಸೆಟ್ ಹಬ್ಬಿನದೇ ಭಾಗವಾದ ತಿರುಗುವ ಕೊಳವೆಯ ಮೇಲೆ ಜಾರಿಸಿ ಕೂರಿಸುವಂಥದ್ದು. ಫ್ರೀವೀಲ್ ಬಗೆಯದರಲ್ಲಿ ಬಲಬದಿಯ ಬೇರಿಂಗ್ ಒಳಗೆ ಸರಿದು ಆಕ್ಸೆಲ್ಲಿನ ತುದಿ ಆಸರೆಯಿಲ್ಲದೆ ಉಳಿಯುವುದರಿಂದ, ಭಾರದ ಸವಾರರು ಗುಂಡಿಗಳಲ್ಲಿ ಇಳಿಸಿ ಇಳಿಸಿ ಆಕ್ಸೆಲ್ ಬಾಗುತ್ತದೆ ಅಥವಾ ತುಂಡಾಗುತ್ತದೆ. ಎಂಬತ್ತು ಕಿಲೋಗಿಂತ ಹೆಚ್ಚು ತೂಕದವರು ಕ್ಯಾಸೆಟ್ ಇರುವುದನ್ನೇ ಕೊಳ್ಳಬೇಕು.

## ಹಂತ 6: ಚಕ್ರ, ಟೈರು, ಗಾಳಿ

ಚಕ್ರದ ಅಳತೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 29 ಇಂಚಿನ ಚಕ್ರ ಬೇರು ಕಲ್ಲುಗಳ ಮೇಲೆ ಸುಲಭವಾಗಿ ಉರುಳುತ್ತದೆ, 27.5 ಇಂಚಿನದು ಕುಳ್ಳಗಿನವರಿಗೆ ಮತ್ತು ಇಕ್ಕಟ್ಟಾದ ತಿರುವುಗಳಿಗೆ ಒಗ್ಗುತ್ತದೆ. ಈ ಎರಡರಲ್ಲಿ ನಿಮ್ಮ ಫ್ರೇಮಿನ ಅಳತೆಯೊಂದಿಗೆ ಬಂದದ್ದನ್ನು ಒಪ್ಪಿಕೊಳ್ಳಿ.

ಟೈರಿನ ಅಗಲ 2.1ರಿಂದ 2.4 ಇಂಚಿನೊಳಗಿರಲಿ. ಅಗಲಕ್ಕಿಂತ ಮುಖ್ಯವಾದದ್ದು ಗುಬಟುಗಳ ನಡುವಿನ ಅಂತರ. ಗುಬಟುಗಳು ಒತ್ತೊತ್ತಾಗಿದ್ದರೆ ಜೇಡಿ ಕೂಡಿದ ಕೆಸರು ಅವುಗಳ ನಡುವೆ ತುಂಬಿ ಟೈರು ನುಣ್ಣಗಿನ ಉಂಡೆಯಾಗುತ್ತದೆ. ಟೈರಿಗೂ ಫ್ರೇಮಿಗೂ ನಡುವೆ ನಿಮ್ಮ ಕಿರುಬೆರಳು ಸರಾಗವಾಗಿ ಆಡುವಷ್ಟು ಜಾಗ ಇದೆಯೇ ಎಂದು ಹಿಂದಿನ ಚಕ್ರದ ಬುಡದಲ್ಲಿ ನೋಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಕೆಸರಿಗೆ ಅಕೇಶಿಯಾ ಎಲೆಗಳು ಸೇರಿ ಅಲ್ಲಿ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಹಾವಸೆ ಹಿಡಿದ ಕಲ್ಲಿನ ಮೇಲೆ ಮಾತ್ರ ಯಾವ ಟೈರೂ ನಿಲ್ಲದು. ಅಲ್ಲಿ ಇಳಿದು ನಡೆಯಬೇಕು. ಅಡಿಕೆ ದಬ್ಬೆಯ ಕಾಲುಸಂಕ ಬಂದಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿಯೇ ದಾಟಬೇಕು.

ಗಾಳಿಯ ವಿಷಯದಲ್ಲಿ ನಮ್ಮ ಕಡೆಯ ಅಭ್ಯಾಸವೇ ತಪ್ಪು. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತಾಗುವವರೆಗೆ ತುಂಬಿಸಿಕೊಳ್ಳುತ್ತೇವೆ. ಕಚ್ಚಾದಾರಿಯಲ್ಲಿ ಹಾಗೆ ತುಂಬಿದ ಟೈರು ಪ್ರತಿ ಕಲ್ಲಿಗೂ ಪುಟಿದು ಹಿಡಿತ ಬಿಡುತ್ತದೆ, ಕೈಗಳು ಜೋಮು ಹಿಡಿಯುತ್ತವೆ. ಅರವತ್ತೈದು ಎಪ್ಪತ್ತು ಕಿಲೋ ತೂಕದವರು ಟ್ಯೂಬ್ ಇರುವ 2.2 ಇಂಚಿನ ಟೈರಿಗೆ ಮುಂದೆ 28, ಹಿಂದೆ 31 ಪಿಎಸ್‌ಐನಿಂದ ಆರಂಭಿಸಿ, ದಾರಿ ನೋಡಿಕೊಂಡು ಒಂದೆರಡು ಅಂಕ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಗಳನ್ನು ಎರಡೂ ಕಡೆ ಮೀರಬಾರದು. ಪಂಕ್ಚರಾದ ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ಸೀಳುಗಳು ಕಂಡರೆ ಅದು ಮುಳ್ಳಿನ ಕೆಲಸವಲ್ಲ. ಗಾಳಿ ಕಡಿಮೆಯಾಗಿ ರಿಮ್ಮು ಟ್ಯೂಬನ್ನು ಕಲ್ಲಿಗೆ ಅದುಮಿದೆ ಎಂದರ್ಥ.

ವಾಲ್ವ್ ಯಾವುದು ಎಂಬುದೂ ಹಳ್ಳಿಯಲ್ಲಿ ಮುಖ್ಯವಾಗುತ್ತದೆ. ದಪ್ಪನೆಯ ಶ್ರೇಡರ್ ವಾಲ್ವ್ ಸ್ಕೂಟರ್, ಕಾರುಗಳದ್ದೇ ಆದ್ದರಿಂದ ಎಲ್ಲಿ ಬೇಕಾದರೂ ಗಾಳಿ ಸಿಗುತ್ತದೆ. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದ್ದರೆ ಅದಕ್ಕೆ ಹೊಂದುವ ಚಿಕ್ಕ ಹಿತ್ತಾಳೆ ಅಡಾಪ್ಟರನ್ನು ಸದಾ ಚೀಲದಲ್ಲಿಟ್ಟುಕೊಳ್ಳಿ.

## ಹಂತ 7: ಮುಂದಿನ ಶಾಕ್

ಮುಂದಿನ ಚಕ್ರವನ್ನು ಹಿಡಿದಿರುವ, ಶಾಕ್ ಕೂಡಿದ ಜೋಡಿ ಕೊಳವೆಗೆ ಫೋರ್ಕ್ ಎನ್ನುತ್ತಾರೆ. 100ರಿಂದ 120 ಮಿಲಿಮೀಟರ್ ಒತ್ತುವಿಕೆಯ ಫೋರ್ಕ್ ನಮ್ಮ ದಾರಿಗೆ ಬೇಕಾದಷ್ಟಾಯಿತು. ಅಗ್ಗದ ಸೈಕಲ್‌ಗಳಲ್ಲಿ ಸ್ಪ್ರಿಂಗ್ ಇರುತ್ತದೆ. ಅದನ್ನು ಸವಾರರ ತೂಕಕ್ಕೆ ಹೊಂದಿಸುವ ಅವಕಾಶ ಬಹಳ ಕಡಿಮೆ. ಗಾಳಿಯ ಫೋರ್ಕನ್ನು ವಿಶೇಷ ಪಂಪಿನಿಂದ ತೂಕಕ್ಕೆ ತಕ್ಕಂತೆ ಹೊಂದಿಸಬಹುದು. ಕೊಳವೆಗೆ ರಬ್ಬರ್ ಉಂಗುರವೋ ದಾರವೋ ಸುತ್ತಿ, ಮೆಲ್ಲನೆ ಹತ್ತಿ ಕುಳಿತು ಇಳಿದಾಗ ಅದು ಒಟ್ಟು ಒತ್ತುವಿಕೆಯ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು, ಅಂದರೆ 100 ಮಿಲಿಮೀಟರಿನಲ್ಲಿ 20–25 ಮಿಲಿಮೀಟರ್ ಸರಿದಿರಬೇಕು. ಏರಿಗೆ ಶಾಕನ್ನು ಬಿಗಿ ಮಾಡುವ ಲಾಕ್ ಇದ್ದರೆ ಅನುಕೂಲ; ಇಳಿಯುವ ಮುನ್ನ ಅದನ್ನು ತೆರೆಯಲು ಮರೆಯಬಾರದು. ಹೊಳೆಯುವ ಕೊಳವೆಗಳ ಮೇಲೆ ಉಗುರಿಗೆ ತಾಗುವ ಗೀರು ಇದ್ದರೆ, ಹೊಸ ಸೈಕಲ್ಲಾದರೂ ಒಪ್ಪಿಕೊಳ್ಳಬೇಡಿ.

## ಹಂತ 8: ಅಂಗಡಿಯಲ್ಲಿ ಪರೀಕ್ಷೆ

ಹಣ ಕೊಡುವ ಮುನ್ನ ಹತ್ತು ನಿಮಿಷ ಕೇಳಿ ಪಡೆಯಿರಿ. ಮೊದಲು ಮುಂದಿನ ಬ್ರೇಕ್ ಒತ್ತಿ ಸೈಕಲ್ಲನ್ನು ಹಿಂದೆ ಮುಂದೆ ದೂಡಿ. ಹ್ಯಾಂಡಲ್ಲಿನ ಬುಡದಲ್ಲಿ ಕಟಕಟ ಅಂದರೆ ಅಲ್ಲಿನ ಬೇರಿಂಗ್ ಜೋಡಣೆಯಾದ ಹೆಡ್‌ಸೆಟ್ ಸಡಿಲವಿದೆ. ಪೂರ್ತಿ ಒತ್ತಿದ ಲಿವರ್ ಹಿಡಿಕೆಗೆ ತಾಗಕೂಡದು. ಒಂದೊಂದೇ ಚಕ್ರವನ್ನು ಎತ್ತಿ ತಿರುಗಿಸಿ. ರಿಮ್ಮು ಆಚೀಚೆ ತೂಗಿದರೆ ಬೆಂಡ್ ಇದೆ, ಅಲ್ಲಿಯೇ ತೆಗೆಸಿ. ಪೆಡಲ್ ಕೂರುವ ತೋಳಾದ ಕ್ರ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿ, ಅದು ಕದಲಲೇಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯ ಲಿವರ್ ಮುಂದಿನ ಚಕ್ರದ್ದು, ಆದರೂ ಕೆಲವು ಸೈಕಲ್‌ಗಳು ತಿರುಗಾಮುರುಗಾ ಬರುತ್ತವೆ. ಇದನ್ನು ಅಂಗಡಿಯ ಮುಂದೆಯೇ ತಿಳಿದುಕೊಳ್ಳಿ.

ಪೆಟ್ಟಿಗೆಯಲ್ಲಿ ತರಿಸಿಕೊಂಡು ಮನೆಯಲ್ಲಿ ಜೋಡಿಸುವವರು ಮಾಡುವ ತಪ್ಪುಗಳು ಎರಡು. ಒಂದು, ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸುವುದು. ಕುಳಿತಾಗ ಮುಂದಿನ ಡಿಸ್ಕ್ ನಿಮ್ಮ ಎಡಗಡೆಗೆ ಬಂದರೆ ಸರಿ. ಇನ್ನೊಂದು, ಎಡ ಪೆಡಲನ್ನು ಬಲಕ್ಕೆ ತಿರುಗಿಸಿ ಬಿಗಿಯುವುದು. ಎಡ ಪೆಡಲಿನ ತಿರುಪು ತಿರುವುಮುರುವು, ಎಡಕ್ಕೆ ತಿರುಗಿಸಿ ಬಿಗಿಯಬೇಕು. ಬಲವಂತ ಮಾಡಿದರೆ ಕ್ರ್ಯಾಂಕಿನ ತಿರುಪೆಲ್ಲ ಸವೆದು ಹೋಗುತ್ತದೆ.

ಹಳೆಯ ಸೈಕಲ್ ಕೊಳ್ಳುವುದಾದರೆ ಹ್ಯಾಂಡಲ್ ಕೊಳವೆಯ ಬೆಸುಗೆಯ ಸುತ್ತ ಬಣ್ಣ ಬಿರಿದಿದೆಯೇ ಎಂದು ಬೆಳಕಿನಲ್ಲಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟು ಬನ್ನಿ.

## ಹಂತ 9: ಜೊತೆಗೆ ಬೇಕಾದವು

ಹೆಲ್ಮೆಟ್ ಸೈಕಲ್ಲಿನದ್ದೇ ಆಗಿರಬೇಕು, ಒಳಗೆ ಸುರಕ್ಷತಾ ಮಾನದಂಡದ ಇಎನ್ 1078 ಅಥವಾ ಸಿಪಿಎಸ್‌ಸಿ ಗುರುತು ಇರಬೇಕು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂತು, ಗದ್ದದ ಪಟ್ಟಿಯಡಿ ಒಂದು ಬೆರಳಷ್ಟೇ ಹೋಗುವಂತಿದ್ದರೆ ಅದು ನಿಮ್ಮ ಅಳತೆಯದು. ಒಮ್ಮೆ ತಲೆಗೆ ಪೆಟ್ಟು ತಡೆದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಫೋಮು ಕುಗ್ಗಿರುತ್ತದೆ, ಅದನ್ನು ಬದಲಿಸಲೇಬೇಕು.

ಸೀಟಿನಡಿಯ ಚೀಲದಲ್ಲಿ ಇರಬೇಕಾದವು ಇವು: ನಿಮ್ಮ ಚಕ್ರದ ಅಳತೆಯ ಒಂದು ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚು ಮತ್ತು ಸಲ್ಯೂಷನ್, 4, 5, 6 ಮಿಲಿಮೀಟರ್ ಅಲೆನ್ ಕೀ ಮತ್ತು ಚೈನ್ ಕಟ್ಟರ್ ಕೂಡಿರುವ ಮಲ್ಟಿಟೂಲ್, ತುಂಡಾದ ಚೈನನ್ನು ಮತ್ತೆ ಕೂಡಿಸಲು ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್. ಪಂಪು ಫ್ರೇಮಿಗೆ ಕಟ್ಟಿರಲಿ. ಇವುಗಳ ಜೊತೆ ಒಂದು ವಸ್ತುವನ್ನು ಬಹುತೇಕ ಯಾರೂ ಕೊಳ್ಳುವುದಿಲ್ಲ: ಹಿಂದಿನ ಡಿರೇಲರ್ ನೇತಾಡುವ ಹ್ಯಾಂಗರ್. ದಾರಿಯಲ್ಲಿ ಬಿದ್ದ ಕೋಲೊಂದು ಚಕ್ರದ ಕಡ್ಡಿಗೆ ಸಿಕ್ಕಿದರೆ ಫ್ರೇಮು ಉಳಿಯಲೆಂದು ಮೊದಲು ಮುರಿಯುವಂತೆ ಮಾಡಿದ ತುಂಡು ಅದು. ಸೈಕಲ್ಲಿನ ಮಾದರಿಗೊಂದು ಆಕಾರದ್ದಿರುವುದರಿಂದ ಮುರಿದ ಮೇಲೆ ಊರಿನಲ್ಲಿ ಸಿಗುವುದು ಕಷ್ಟ. ಸೈಕಲ್ ಕೊಳ್ಳುವ ದಿನವೇ ಒಂದನ್ನು ಹೆಚ್ಚಿಗೆ ತರಿಸಿಕೊಳ್ಳಿ.

ಕೈಗವಸು, ಬಿದಿರುಮೆಳೆಯ ಮುಳ್ಳಿನಿಂದಲೂ ಹುಳುಗಳಿಂದಲೂ ಕಣ್ಣು ಕಾಯುವ ಬಣ್ಣವಿಲ್ಲದ ಕನ್ನಡಕ, ಚಪ್ಪಟೆ ರಬ್ಬರ್ ತಳದ ಬೂಟು, ಚಿಕ್ಕ ಮೊಳೆಗಳಿರುವ ಅಗಲ ಪೆಡಲು – ಇವು ಎರಡನೆಯ ಸಾಲಿನವು. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲಿ. ಕಾನಿನೊಳಗೆ ಐದು ಗಂಟೆಗೇ ಕತ್ತಲಾಗುತ್ತದೆ. ಎರಡು ಲೀಟರ್ ನೀರು, ಒಆರ್‌ಎಸ್ ಪೊಟ್ಟಣ, ಒಂದು ಸೀಟಿ, ಬ್ಯಾಂಡೇಜು ಬೇಕು. ಮಳೆಗಾಲದಲ್ಲಿ ಉಂಬಳಕ್ಕೆ ಉಪ್ಪಿನ ಗಂಟು ಸಾಕು.

ಬೇಸಿಗೆಯಲ್ಲಿ ಎಚ್ಚರ ವಹಿಸಬೇಕಾದದ್ದು ಉಣುಗಿನ ಬಗ್ಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಈ ತಿಂಗಳುಗಳಲ್ಲಿ ಒಣ ಎಲೆಗಳ ದಾರಿಗೆ ಹೋಗುವಾಗ ತುಂಬುತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ. ಎಲೆಗಳ ಮೇಲೆ ಕುಳಿತು ವಿಶ್ರಮಿಸಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸವಾರಿಯ ನಂತರದ ಒಂದೆರಡು ವಾರದಲ್ಲಿ ತೀವ್ರ ಜ್ವರ, ತಲೆನೋವು, ಮೈಕೈನೋವು ಕಾಣಿಸಿಕೊಂಡರೆ ಕಾಡಿನ ದಾರಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

## ಹಂತ 10: ಮೊದಲ ತಿಂಗಳು ಮತ್ತು ಎಚ್ಚರಿಕೆಯ ಗುರುತುಗಳು

ಹೊಸ ಸೈಕಲ್ಲಿನ ತಂತಿಗಳು ಎಳೆದುಕೊಳ್ಳುತ್ತವೆ, ಕಡ್ಡಿಗಳು ಸಡಿಲವಾಗುತ್ತವೆ. ನೂರೈವತ್ತು ಕಿಲೋಮೀಟರ್ ಅಥವಾ ಒಂದು ತಿಂಗಳು, ಯಾವುದು ಮೊದಲೋ ಆಗ, ಅಂಗಡಿಗೆ ಒಯ್ದು ಗೇರು, ಬ್ರೇಕು, ಕಡ್ಡಿಗಳನ್ನು ಬಿಗಿ ಮಾಡಿಸಿ. ಗೇರು ತಾನಾಗಿಯೇ ಹಾರಿದರೆ ಬಹುಪಾಲು ತಂತಿಯೇ ಕಾರಣ. ಎಡಗಾಲಿನ ತುಳಿತಕ್ಕೊಮ್ಮೆ ಟಕ್ ಎಂಬ ಸದ್ದು ಬಂದರೆ ಕೂಡಲೇ ಇಳಿದು ಕ್ರ್ಯಾಂಕಿನ ಬೋಲ್ಟ್ ಬಿಗಿ ಮಾಡಿ. ಸಡಿಲ ಕ್ರ್ಯಾಂಕಿನಲ್ಲಿ ಮನೆಯವರೆಗೆ ತುಳಿದರೆ ಅದರ ಚೌಕ ತೂತು ದೊಡ್ಡದಾಗಿ ಮತ್ತೆಂದೂ ಬಿಗಿಯಾಗುವುದಿಲ್ಲ. ಹೈಡ್ರಾಲಿಕ್ ಲಿವರ್ ಸ್ಪಂಜಿನಂತೆ ಮೆತ್ತಗಾದರೆ ಒಳಗೆ ಗಾಳಿ ಸೇರಿದೆ, ಇಳಿಜಾರಿಗೆ ಹೋಗಬೇಡಿ.

ಕೆಸರಾದ ಸೈಕಲ್ಲನ್ನು ಬೈಕ್ ತೊಳೆಯುವ ವಾಟರ್ ಸರ್ವಿಸ್‌ಗೆ ಒಯ್ಯಬೇಡಿ. ಆ ಒತ್ತಡದ ನೀರು ಬೇರಿಂಗಿನ ಸೀಲು ದಾಟಿ ಗ್ರೀಸನ್ನು ಹೊರಹಾಕುತ್ತದೆ. ಬಕೆಟ್ ನೀರು, ಹಳೆಯ ಬ್ರಷ್ಷು ಸಾಕು. ಚೈನನ್ನು ಒಣಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಗೆ ಒಂದೊಂದೇ ಹನಿ ಚೈನ್ ಆಯಿಲ್ ಬಿಟ್ಟು, ಹತ್ತು ನಿಮಿಷದ ನಂತರ ಮೇಲಿನದನ್ನೆಲ್ಲ ಒರೆಸಿ ತೆಗೆಯಿರಿ. ತೆಂಗಿನೆಣ್ಣೆ, ಸುಟ್ಟ ಇಂಜಿನ್ ಆಯಿಲ್ ಬೇಡ. ಎರಡೂ ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತವೆ.

ಚೈನಿನ ಸವೆತ ಅಳೆಯಲು ಇಂಚಿನ ಗುರುತುಗಳಿರುವ ಶಾಲೆಯ ಸ್ಕೇಲು ಸಾಕು. ಜಗಲಿಯಲ್ಲಿ ಸೈಕಲ್ ನಿಲ್ಲಿಸಿ, ಪೆಡಲನ್ನು ಕೊಂಚ ಒತ್ತಿ ಚೈನಿನ ಮೇಲೆಳೆಯನ್ನು ಬಿಗಿಯಾಗಿಡಿ. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಟ್ಟನಡುವೆ ಇಟ್ಟರೆ, ಹೊಸ ಚೈನಿನಲ್ಲಿ 12 ಇಂಚಿನ ಗುರುತು ಇನ್ನೊಂದು ಪಿನ್ನಿನ ನಟ್ಟನಡುವೆಯೇ ಬರುತ್ತದೆ. ಆ ಪಿನ್ನು ಗುರುತಿನಿಂದ ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಆಚೆ ಸರಿದಿದ್ದರೆ ಚೈನನ್ನು ಮಾತ್ರ ಬದಲಿಸಿದರೆ ಸಾಕಾಗುತ್ತದೆ. ಎಂಟನೆಯ ಒಂದು ಭಾಗದಷ್ಟು ಸರಿದಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಎರಡನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ.